ಭಾನುವಾರದ ರಜೆ

ಪೊಲೀಸ್ ಕೆಲಸದ ಆಸೆಯಿಂದ ಪಿರಿಯಾಪಟ್ಟಣದ ಮೈದಾನಕ್ಕೆ ಬರುತ್ತಿದ್ದ ನಮ್ಮಂಥ ಹಳ್ಳಿ ಹುಡುಗಿಯರಿಗೆ ಓಟ ಕಲಿಸುತ್ತಿದ್ದ ಮೇಷ್ಟ್ರು ಅವರು. ಮಾತಾಡುವಾಗಲೂ ಅವರ ಎರಡು ಬೆರಳು ತಮ್ಮ ಕತ್ತಿನ ನಾಡಿಯ ಮೇಲೇ ಇರುತ್ತಿದ್ದವು. ಓಟ ಮುಗಿದ ಕೂಡಲೇ ನಾವೂ ಹಾಗೇ ಬೆರಳಿಟ್ಟು, ಎದೆಬಡಿತ ಇಳಿಯುವವರೆಗೆ ನಡೆಯಬೇಕಿತ್ತು. “ಓಟ ಕಾಲ್ನ ಒಡೀತದೆ, ನಿದ್ದೆ ಕಟ್ತದೆ ಕಣ್ರವ್ವ,” ಎನ್ನುತ್ತ ಭಾನುವಾರ ರಜೆ ಕೊಡುತ್ತಿದ್ದರು.

ಹೊಗೆಸೊಪ್ಪಿನ ಕಾಲದಲ್ಲಿ ನಮ್ಮ ಮನೆಗೆ ಆ ರಜೆಯೆಂದರೆ ಸೊಪ್ಪು ಮುರಿಯುವುದಕ್ಕೆ ಸಿಕ್ಕ ಒಂದು ಆಳು. ಇಡೀ ದಿನ ಬಗ್ಗಿ ಸೊಪ್ಪು ಮುರಿದು, ಹೊರೆ ಹೊತ್ತು, ಸೋಮವಾರ ಓಡಲು ನಿಂತರೆ ಕಾಲು ಕಲ್ಲಾಗಿರುತ್ತಿತ್ತು. ಅಂಥ ಒಂದು ಸೋಮವಾರ ಎಲ್ಲರಿಗಿಂತ ಹಿಂದೆ ಉಳಿದೆ.

“ರಜಾ ಕೊಟ್ರೆ ಮೈ ಬಗ್ಗಾಕಿಲ್ಲ ನಿಂಗೆ. ಸೋಮಾರಿ ಕಣವ್ವ ನೀನು,” ಎಂದು ಮೇಷ್ಟ್ರು ಎಲ್ಲರೆದುರೇ ಬೈದರು.

ತಲೆ ತಗ್ಗಿಸಿ ಕತ್ತಿಗೆ ಬೆರಳಿಟ್ಟೆ. ಎಷ್ಟು ಉಜ್ಜಿದರೂ ಹೋಗದ ಸೊಪ್ಪಿನ ಅಂಟಿನಿಂದ ಕೈ ಕಪ್ಪಗಿತ್ತು. ಅವರ ಕಣ್ಣು ಅಲ್ಲೇ ನಿಂತಿತು. ನಾಚಿಕೆಯಾಗಿ ಕೈಯನ್ನು ಜೇಬಿಗೆ ತುರುಕಿದೆ.

“ನಿನ್ನೆ ಸೊಪ್ಪು ಮುರಿದ್ಯಾ?”

“ಹೂಂ ಸಾ.”

ಅವರ ಬೆರಳು ಕತ್ತಿನಿಂದ ಜಾರಿತು. ನಮಗೆ ಬೆನ್ನು ಹಾಕಿ, “ಇನ್ಮೇಲೆ ಸೋಮವಾರನೂ ಓಟ ಬ್ಯಾಡ. ನಂಗೆ ಮಂಡಿ ನೋವು ಕಣ್ರವ್ವ,” ಎಂದರು.

ಗೇಟಿನವರೆಗೂ ಕುಂಟುತ್ತಲೇ ಹೋದರು. ಅರ್ಧ ದಾರಿಯಲ್ಲಿ ಕುಂಟುವ ಕಾಲು ಬದಲಾಯಿತು. ಯಾರೂ ನಗಲಿಲ್ಲ. ಅಷ್ಟರಲ್ಲಿ ನಮ್ಮಲ್ಲಿ ಅರ್ಧ ಜನರ ಕಪ್ಪು ಕೈ ಜೇಬಿನೊಳಗಿತ್ತು.