ಕ್ರ್ಯಾಂಕಿನ ಸದ್ದು

ಕಡೂರಿನ ಸೈಕಲ್ ಅಂಗಡಿಯಲ್ಲಿ ಮೆಕ್ಯಾನಿಕ್ ನನ್ನ ಸೈಕಲ್ಲಿನ ಪೆಡಲ್ ಹಿಡಿದು ಅದರ ತೋಳಾದ ಕ್ರ್ಯಾಂಕನ್ನು ಗರಗರ ತಿರುಗಿಸಿದರು. ಸದ್ದೇ ಇಲ್ಲ! ದಾರಿಯುದ್ದಕ್ಕೂ ಕಟಕಟ ಎಂದು ತಲೆ ತಿಂದದ್ದು ಇದೇನಾ ಎಂದು ನನಗೆ ಸಿಟ್ಟೇ ಬಂತು. ಲಿಂಗದಹಳ್ಳಿಯ ಏರನ್ನು ಹಟಕ್ಕೆ ಬಿದ್ದು ಹತ್ತಲೆಂದೇ ಇಟ್ಟುಕೊಂಡ ಒಂದೇ ಗೇರಿನ ಮೌಂಟನ್ ಬೈಕ್ ಅದು. ಈ ಸದ್ದಿಗಾಗಿ ಆಗಲೇ ಎರಡು ಸಲ ಕ್ರ್ಯಾಂಕ್ ಬದಲಿಸಿದ್ದೆ. ಈ ಸಲ ಇನ್ನೂ ಗಟ್ಟಿಯಾದದ್ದು ಬೇಕಿತ್ತು. ನನ್ನ ಮಂಡಿನೋವಿಗೆ ದಾರಿಯ ಕುಲುಕಾಟವೇ ಕಾರಣವೆಂದುಕೊಂಡು, ಕುಲುಕು ತಡೆಯುವ ಎರಡು ಬಗೆಯ ಸಸ್ಪೆನ್ಷನ್ ಫೋರ್ಕುಗಳನ್ನು ಅಂಗಡಿಯಿಂದ ತೆಗೆಸಿ ಮುಂದಿಟ್ಟುಕೊಂಡು ಒತ್ತಿ ನೋಡುತ್ತಿದ್ದೆ.

“ಹತ್ತಿ ಕೂತ್ಕಳಿ ಸಾರ್,” ಎಂದು ಅವರು ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿದರು. ನಾನು ತುಳಿದೆ. ಕಟಕಟ ಶುರುವಾಯಿತು. ಅವರು ಮೊದಲು ಕ್ರ್ಯಾಂಕಿನ ಮೇಲೆ ಕೈಯಿಟ್ಟರು. ಆಮೇಲೆ, ಮೆಲ್ಲಗೆ, ನನ್ನ ಬಲಮಂಡಿಯ ಮೇಲೆ.

“ಸದ್ದು ಇಲ್ಲಿಂದ ಬತ್ತೈತೆ ಕಣ್ರೀ. ಇದಕ್ಕೆ ನನ್ನತ್ರ ಪಾರ್ಟ್ ಇಲ್ಲ.”

ಫೋರ್ಕುಗಳನ್ನು ಪೆಟ್ಟಿಗೆಗೆ ಹಾಕಿ ಅವರೇ ಮುಚ್ಚಿದರು. ನಾನು ಸೈಕಲ್ಲಿನಿಂದ ಇಳಿದೆ.

ಅಂದಿನಿಂದ ಸೈಕಲ್ ಹಿತ್ತಿಲ ಗೋಡೆಗೆ ಒರಗಿದೆ. ಮನೆಯ ಮೂರೇ ಮೆಟ್ಟಿಲು ಹತ್ತುವಾಗಲೂ ಅದೇ ಕಟಕಟ. ತಪ್ಪು ಹೊರಿಸೋಣವೆಂದರೆ ಕಾಲ ಕೆಳಗೆ ಕ್ರ್ಯಾಂಕೂ ಇಲ್ಲ.