ನಯದ ಮಾತಿನ ಹೆಂಗಸು

ಬಟ್ಟೆಯಾಗಿದ್ದರೆ, ಎರಡೂ ಮಗ್ಗುಲು ತೊಡಬಹುದಾದ ಗಟ್ಟಿ ಮಾಲು ಎಂದು ಈಕೆಯನ್ನು ಮೊದಲ ನೋಟಕ್ಕೇ ಎತ್ತಿಡುತ್ತಿದ್ದೆ. ಆಸ್ಪತ್ರೆಯಲ್ಲಿ ನೆಲ ಒರೆಸುವ ನಮ್ಮ ಕೇರಿಯವಳು. ಒಡಹುಟ್ಟಿದ ತಮ್ಮ ಸತ್ತಮೇಲೆ ಅವಳಿಗೆ ನಿದ್ದೆಯಿಲ್ಲ. ನನ್ನ ಬಟ್ಟೆ ಅಂಗಡಿಯ ಮಹಡಿಯಲ್ಲಿರುವ ಆಪ್ತಸಮಾಲೋಚಕಿಯನ್ನು ಕಾಣಲು ವಾರವಾರವೂ ಬರುತ್ತಾಳೆ. ಹತ್ತುವ ಮುಂಚೆ ನನ್ನ ನಿಲುವುಗನ್ನಡಿಯೆದುರು ಮಾತಾಡುವಾಗಿನ ಕೈಬೀಸಾಟ ನಿಲ್ಲಿಸಿ, ದನಿಗೆ ಇಸ್ತ್ರಿ ಹಾಕಿ, "ಪರವಾಗಿಲ್ಲ ಮೇಡಂ, ಸ್ವಲ್ಪ ಬೇಸರ ಅಷ್ಟೆ" ಎಂದು ಅಭ್ಯಾಸ ಮಾಡುತ್ತಾಳೆ. "ಅದೇನೇ ತಾಯಿ, ಅಳೋಕೆ ಹೋಗೋಳು ವಾರ್ತೆ ಓದೋಕೆ ಹೊರಟಂಗಿದೀಯ" ಎಂದು ಕಿಚಾಯಿಸಿದರೆ, "ನಮ್ಮಂಥ ಕಪ್ಪು ಬಣ್ಣದೋಳು ನಮ್ಮ ಕೇರಿ ಮಾತಲ್ಲಿ ಅತ್ರೆ ಗಲಾಟೆ ಅಂತಾರೆ ಅಣ್ಣ. ಹಿಂದಿದ್ದ ಮೇಡಂ ಕಾವಲಿನೋನ್ನ ಕರೆಸಿದ್ರು" ಎಂದು ನಗುತ್ತಾಳೆ. ಇವತ್ತು ಬೇಗ ಇಳಿದು ಬಂದಳು. "ನಾನು ಗುಣ ಆದ್ನಂತೆ ಅಣ್ಣ. ಎಷ್ಟು ಸಮಾಧಾನವಾಗಿ ಮಾತಾಡ್ತೀರಿ, ಇನ್ನು ಬರೋದು ಬೇಡ ಅಂದ್ರು ಮೇಡಂ." ಹಾಗೆಂದವಳೇ ಬಟ್ಟೆಯ ಥಾನುಗಳ ಮಧ್ಯೆ ಕುಸಿದು, ತಮ್ಮನ ಹೆಸರು ಹಿಡಿದು, ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ಬಾಗಿಲಲ್ಲಿ ದೊಡ್ಡ ಗಿರಾಕಿಗಳು ನಿಂತಿದ್ದರು. "ದಯವಿಟ್ಟು ಸಮಾಧಾನ ಮಾಡಿಕೊಳ್ಳಿ" ಎಂದೆ, ನನ್ನ ವ್ಯಾಪಾರದ ದನಿಯಲ್ಲಿ. ಅವಳು ತಟ್ಟನೆ ಅಳು ನಿಲ್ಲಿಸಿ, "ಕ್ಷಮಿಸಿ ಸರ್" ಎಂದು ಎದ್ದು ಹೋದಳು. ನಮ್ಮ ಕೇರಿಯ ಮಾತಿನಲ್ಲೊಂದು ಸಮಾಧಾನ ನನ್ನಿಂದ ಅವಳಿಗೆ ಬಾಕಿಯಿದೆ.