ಕಟ್ಟುವವಳ ಸಾಲು

ಬೆಳಗಿನ ತಂಪಿನಲ್ಲಿ ಯಾವ ಕಸಿಯೂ ಸತ್ತಂತೆ ಕಾಣುವುದಿಲ್ಲ. ಹಿಂದಿನ ಮಧ್ಯಾಹ್ನ ಸೊರಗಿ ಜೋತುಬಿದ್ದ ಎಲೆ ಕೂಡ ರಾತ್ರಿಯ ತಂಪಿಗೆ ಚೇತರಿಸಿಕೊಂಡು ನೆಟ್ಟಗೆ ನಿಂತಿರುತ್ತದೆ. ಅದಕ್ಕೇ ಗಂಟಕ್ಕ ಬೆಳಗನ್ನು ನಂಬುವುದಿಲ್ಲ. ಆದರೂ ಸೂರ್ಯ ಹುಟ್ಟುವ ಮೊದಲೇ ಬಂದು, ದ್ರಾಕ್ಷಿ ತೋಟದಲ್ಲಿ ರಸ್ತೆಗೆ ತಾಗಿದ ಕೊನೆಯ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಒಂದೊಂದು ಗಿಡದ ಬುಡಕ್ಕೂ ಬಗ್ಗಿ, ಕಸಿಯ ಗಂಟಿನ ಕೆಳಗೆ ಮೂಡಿದ ಕುಡಿಗಳನ್ನು ಹೆಬ್ಬೆರಳಿನ ಉಗುರಿನಲ್ಲಿ ಚಿವುಟಿ ಎಸೆಯುತ್ತಾಳೆ. ಅವು ಕಾಡುಬಳ್ಳಿಯ ಕುಡಿಗಳು. ನಾಲ್ಕು ದಿನ ಕಣ್ಣು ತಪ್ಪಿಸಿದರೆ ಸಾಕು, ಮೇಲಿನ ಕಸಿಯ ಪಾಲಿನ ನೀರನ್ನೂ ತಾವೇ ಹೀರಿ ದಷ್ಟಪುಷ್ಟವಾಗಿ ಎದ್ದುಬಿಡುತ್ತವೆ.

"ಇವಕ್ಕೆ ಏನ್ ಧಿಮಾಕು ಅಂತೀರಿ," ಎಂದು ಪತ್ರಿಕೆಯಿಂದ ಮಾತಾಡಿಸಲು ಬಂದವರಿಗೆ ಹೇಳುತ್ತಾಳೆ. "ಹಣ್ಣು ಬಿಡು ಅಂದ್ರೆ ಆಗಲ್ಲ. ಮೈ ಬೆಳೆಸೋದು ಮಾತ್ರ ಗೊತ್ತು. ನಮ್ಮನೇಲೂ ಇದೆ ಒಂದು."

ಪಕ್ಕದ ಸಾಲಿಗೆ ನೀರು ಬಿಡುತ್ತಿದ್ದಾಕೆ ಕಿಸಕ್ಕನೆ ನಗುತ್ತಾಳೆ. "ಯಾರು ಅಂತ ಹೇಳ್ಬಿಡಕ್ಕ, ಪೇಪರಲ್ಲಿ ಬರ್ಲಿ."

"ಅವನು ಪೇಪರ್ ಓದೋ ಪೈಕಿ ಅಲ್ಲ ಕಣೇ. ಫೋಟೊ ಹಾಕಿದ್ರೆ ನೋಡ್ತಾನೆ, ಅದೂ ಅವನದೇ ಆದ್ರೆ."

ಅವನು ಎಂದರೆ ಅವಳ ಮೈದುನ. ಸುತ್ತಲಿನ ತೋಟಗಳಿಗೆಲ್ಲ ಅವನೇ ಹೆಸರಾಂತ ಕಸಿಗಾರ. ಕಸಿಯ ಕಾಲ ಬಂತೆಂದರೆ ಅವನನ್ನು ಕರೆದೊಯ್ಯಲು ಜನ ಬಾಗಿಲಿಗೆ ಬರುತ್ತಾರೆ. ಅವನ ಹಿಂದೆ ಪ್ಲಾಸ್ಟಿಕ್ ಪಟ್ಟಿಯ ಉಂಡೆ ಹಿಡಿದು ಹೋಗುವವಳು ಗಂಟಕ್ಕ. ಗಂಟು ಕಟ್ಟುವವಳಾದ್ದರಿಂದ ಆ ಹೆಸರು. ಮುಖವೂ ಸದಾ ಗಂಟೇ ಎಂದು ಹೇಳುವವರೂ ಇದ್ದಾರೆ. ಆ ಮಾತನ್ನು ಅವಳೇನೂ ಅಲ್ಲಗಳೆಯುವುದಿಲ್ಲ.

ತಿನ್ನುವ ದ್ರಾಕ್ಷಿಯ ಬೇರು ಸುಕುಮಾರ. ಉಪ್ಪು ನೀರು, ಗಟ್ಟಿ ನೆಲ ಅದಕ್ಕೆ ಆಗಿಬರುವುದಿಲ್ಲ. ಆದ್ದರಿಂದ ಮೊದಲು ನೆಲಕ್ಕೆ ಕಾಡುಬಳ್ಳಿ ನೆಟ್ಟು ಬೇರು ಬಿಡಿಸುತ್ತಾರೆ. ಅದು ಪೆನ್ಸಿಲ್ ದಪ್ಪಕ್ಕೆ ಬಂದಾಗ ತಲೆ ಕತ್ತರಿಸಿ, ನಡುವೆ ಸೀಳಿ, ಒಳ್ಳೆಯ ಜಾತಿಯ ಕಡ್ಡಿಯ ಬುಡವನ್ನು ಬೆಣೆಯಂತೆ ಹೆರೆದು ಆ ಸೀಳಿಗೆ ಇಳಿಸುತ್ತಾರೆ. ಎರಡರ ತೊಗಟೆಯ ಒಳಗಿನ ಹಸಿರು ಪದರ ಒಂದು ಬದಿಯಲ್ಲಾದರೂ ಕೂಡಬೇಕು. ಇದು ಚಾಕು ಹಿಡಿದವನ ಕೆಲಸ. ಕೂಡಿದ್ದು ಅಲುಗದಂತೆ, ಗಾಳಿ ನುಗ್ಗದಂತೆ, ರಸ ಆರದಂತೆ ಪಟ್ಟಿ ಸುತ್ತಿ ಬಿಗಿಯುವುದು ಕಟ್ಟುವವಳ ಕೆಲಸ. ಬಿಗಿ ಹೆಚ್ಚಾದರೆ ಗಿಡದ ಕತ್ತು ಹಿಸುಕಿದಂತೆ, ಕಡಿಮೆಯಾದರೆ ಒಣಗುತ್ತದೆ. ಗಂಟಕ್ಕ ದಿನಕ್ಕೆ ಮುನ್ನೂರು ಗಂಟು ಕಟ್ಟುತ್ತಾಳೆ. ರಾತ್ರಿ ಅನ್ನ ಕಲಸುವಾಗ ಬೆರಳು ಮಡಚುವುದಿಲ್ಲ. ಮಧ್ಯದ ಎರಡು ಬೆರಳಲ್ಲಿ ಪಟ್ಟಿ ಕೊರೆದ ಗೀರುಗಳು ಹೋಗುವುದೇ ಇಲ್ಲ.

ಈ ಕಸುಬಿನಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಕಟ್ಟಳೆ ಇದೆ. ಕಸಿ ಹಿಡಿದರೆ ಚಾಕುವಿನವನ ಕೈಗುಣ. ಒಣಗಿದರೆ ಕಟ್ಟಿದವಳ ತಪ್ಪು. ಕಟ್ಟು ಕಣ್ಣಿಗೆ ಕಾಣುತ್ತದೆ, ಮುಟ್ಟಿ ಎಳೆದು ನೋಡಬಹುದು. ಚಾಕುವಿನ ಕೆಲಸ ಆ ಕಟ್ಟಿನ ಒಳಗೆ ಮುಚ್ಚಿಹೋಗಿರುತ್ತದೆ.

ಕಳೆದ ಕಸಿಯ ಕಾಲದಲ್ಲಿ ಪಂಪ್‌ಮನೆ ಪಕ್ಕದ ಒಂದಿಡೀ ಸಾಲು ಹೋಯಿತು. ಮೊದಲ ಎರಡು ವಾರ ಗೊತ್ತೇ ಆಗಲಿಲ್ಲ. ಕಡ್ಡಿಯ ಮೇಲಿನ ಕಣ್ಣುಗಳು ಒಡೆದು ಹಸಿರು ತೋರಿಸಿದವು. ತೋಟದ ಯಜಮಾನರು ಮೈದುನನ ಬೆನ್ನು ತಟ್ಟಿದರು. ಆದರೆ ಆ ಹಸಿರು, ಕಡ್ಡಿ ತನ್ನೊಳಗೆ ಕೂಡಿಟ್ಟುಕೊಂಡದ್ದನ್ನು ತಿಂದು ಬಿಟ್ಟ ಹಸಿರು. ಬೇರಿನ ನೀರು ಇನ್ನೂ ಮೇಲಕ್ಕೆ ಏರಿರಲೇ ಇಲ್ಲ. ಬಿಸಿಲು ಜೋರಾದ ವಾರವೇ ಸಾಲಿಗೆ ಸಾಲೇ ಕಂದಿತು. ಎಲ್ಲರೆದುರು ಯಜಮಾನರು ಒಂದು ಪಟ್ಟಿಯನ್ನು ಎಳೆದು ನೋಡಿ, "ಏನಮ್ಮ, ನಿದ್ದೆಗಣ್ಣಲ್ಲಿ ಕಟ್ಟಿದ್ಯಾ?" ಎಂದರು.

ಒಣಗಿದ ಕಸಿಗಳನ್ನು ಬಿಚ್ಚುವ ಕೆಲಸವೂ ಅವಳಿಗೇ ಬಂತು. ಬಿಚ್ಚಿದಾಗಲೇ ತಿಳಿದದ್ದು, ಕಡ್ಡಿಗಳೆಲ್ಲ ತಲೆಕೆಳಗು. ತುದಿ ಕೆಳಗೆ ಸೇರಿ, ಬುಡ ಮೇಲೆ ನಿಂತಿತ್ತು. ಬಳ್ಳಿಯಿಂದ ಕಡ್ಡಿ ತೆಗೆಯುವಾಗ ಕೆಳತುದಿಯನ್ನು ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸುವುದು ವಾಡಿಕೆ. ಯಾವ ಕಡೆ ಯಾವುದೆಂಬ ಗುರುತು ಅದೇ. ಅವತ್ತು ಮೈದುನ ಎರಡು ತೋಟ ಒಪ್ಪಿಕೊಂಡಿದ್ದ. ಗಡಿಬಿಡಿಯಲ್ಲಿ ಎರಡೂ ತುದಿಯನ್ನು ನೇರಕ್ಕೇ ಕತ್ತರಿಸಿ ಕಟ್ಟು ಕಟ್ಟಿ ತಂದಿದ್ದ.

"ನಂಗೂ ಕಾಣಬೇಕಿತ್ತು," ಎನ್ನುತ್ತಾಳೆ ಗಂಟಕ್ಕ. "ಆದ್ರೆ ಅವನು ಇಳಿಸಿದ್ ಇಳಿಸಿದ್ಹಾಗೆ ನಾನು ಸುತ್ಕೊಂಡು ಹೋಗ್ಬೇಕು. ನನ್ನ ಕಣ್ಣು ಸೀಳಿನ ಮೇಲಿರುತ್ತೆ. ಕಡ್ಡಿ ತಲೆ ಮೇಲಿರಲ್ಲ."

ಮೈದುನನಿಗೆ ತೋರಿಸಿದಳು. ಅವನು ಕೈಯಲ್ಲಿ ಹಿಡಿದು ನೋಡಿ, ಕಡ್ಡಿಯನ್ನು ಕಾಲುವೆಗೆ ಎಸೆದು, "ಹೋಗ್ಲಿ ಬಿಡಿ ಅತ್ತಿಗೆ, ಈಗ ಇದನ್ನ ಊರಿಗೆಲ್ಲ ಸಾರಬೇಕಾ?" ಎಂದ. ಪಂಪ್ ನೋಡಿಕೊಳ್ಳುವ ಗಂಡನಿಗೆ ಹೇಳಿದಳು. ಅವನು ಚಪ್ಪಲಿಯ ಕೆಸರು ಕೆರೆಯುತ್ತಲೇ ಉತ್ತರ ಕೊಟ್ಟ. "ಅವನು ನನ್ನ ತಮ್ಮ ಕಣೇ. ಅವನ ಹೆಸರು ಕೆಟ್ರೆ ಮನೆಗೇ ಕೆಲಸ ಹೋಗುತ್ತೆ. ನಿನ್ನ ಹೆಸರು ಕೆಟ್ರೆ ಏನಾಗುತ್ತೆ?"

ಅವಳಿಗೆ ಆ ಮಾತು ಇನ್ನೂ ನುಂಗಲಾಗಿಲ್ಲ.

ಆ ಬೇಸಿಗೆಯೆಲ್ಲ ಅವಳು ಸೌದೆಗೆ ತಂದ ಬಳ್ಳಿಯ ತುಂಡುಗಳನ್ನು ಅಡುಗೆಮನೆಯಲ್ಲಿ ಕೂತು ಹೆರೆದಳು. ಬೆಣೆ ಸೊಟ್ಟಗಾದರೆ ಒಲೆಗೆ. ಕೈ ಕುಯ್ದುಕೊಂಡಾಗ ಗಂಡ, "ತರಕಾರಿ ಹೆಚ್ಚೋವಾಗ ಇಷ್ಟು ಶ್ರದ್ಧೆ ಇಲ್ಲ" ಎಂದು ಕುಟುಕಿದ. ಈ ಸಲ ಕಸಿ ಶುರುವಾಗುವ ಮುನ್ನ ಯಜಮಾನರ ಮುಂದೆ ನಿಂತು ಒಂದೇ ಒಂದು ಸಾಲು ಕೇಳಿದಳು. ಕತ್ತರಿಸುವುದೂ ತಾನೇ, ಕಟ್ಟುವುದೂ ತಾನೇ. ಹಿಡಿದರೆ ಮುಂದಿನ ಸಲ ತನ್ನ ಕೈಗೂ ಚಾಕು ಕೊಡಬೇಕು. ಯಜಮಾನರು ನಕ್ಕು, ಧೂಳೂ ಬಿಸಿಗಾಳಿಯೂ ನೇರವಾಗಿ ಬಡಿಯುವ ಈ ಅಂಚಿನ ಸಾಲನ್ನು ತೋರಿಸಿದರು.

ಇವತ್ತು ಮಧ್ಯಾಹ್ನ ಅವರು ನೋಡಲು ಬರುತ್ತಾರೆ. ಕಸಿಯಾಗಿ ಏಳನೇ ವಾರ. ಕಡ್ಡಿಯ ಕೂಡಿಟ್ಟ ಆಹಾರ ಯಾವತ್ತೋ ಮುಗಿದಿದೆ. ಈಗ ಎಲೆ ನಿಂತರೆ ಅದು ಬೇರಿನ ನೀರಿನಿಂದಲೇ ನಿಲ್ಲಬೇಕು. ನೆತ್ತಿಯ ಮೇಲೆ ಬಿಸಿಲು ಬಂದಾಗ ಗಂಟಕ್ಕ ಊಟದ ಡಬ್ಬಿ ತೆರೆಯದೆ ಸಾಲಿನ ತುದಿಯಲ್ಲಿ ನಿಂತಿದ್ದಾಳೆ. ಹೊಸ ಕುಡಿಗಳು ಬಾಗಿಲ್ಲ. ಅಲ್ಲೊಂದು ಇಲ್ಲೊಂದು ಸತ್ತಿವೆ. ಉಳಿದವೆಲ್ಲ ಆಸರೆಯ ಕೋಲು ಹಿಡಿದು ಮೇಲೇರುತ್ತಿವೆ. ಮೈದುನನ ಸಾಲುಗಳೂ ಈ ಸಲ ಚೆನ್ನಾಗಿವೆ. ಗಡಿಬಿಡಿ ಇಲ್ಲದಿದ್ದರೆ ಅವನ ಕೈ ಒಳ್ಳೆಯದೇ, ಅದನ್ನು ಅವಳೂ ಒಪ್ಪುತ್ತಾಳೆ. ಆದರೆ ಎರಡರ ನಡುವೆ ವ್ಯತ್ಯಾಸ ತೋರಿಸಿ ಎಂದರೆ ಯಾರಿಂದಲೂ ಆಗದು.

ಯಜಮಾನರು ಮೈದುನನೊಡನೆ ಸಾಲಿನುದ್ದಕ್ಕೂ ನಡೆಯುತ್ತಾರೆ. ಮಣ್ಣನ್ನು ಕಾಲಲ್ಲಿ ಒದ್ದು ನೋಡುತ್ತಾರೆ.

"ಈ ಅಂಚಿನ ನೆಲ ಪರವಾಗಿಲ್ಲ ಕಣಯ್ಯ. ಇಷ್ಟು ವರ್ಷ ಸುಮ್ನೆ ಖಾಲಿ ಬಿಟ್ಟಿದ್ವಿ." ಆಮೇಲೆ ಒಣಗಿದ ಒಂದು ಕಸಿಯ ಪಟ್ಟಿ ಎಳೆದು, "ಇಲ್ಲಿ ಕಟ್ಟು ಸಡಿಲ ಆಗಿದೆ ನೋಡಮ್ಮ" ಎನ್ನುತ್ತಾರೆ.

"ಇಲ್ಲಿ ಕತ್ತರಿಸಿದ್ದೂ ನಾನೇ ಯಜಮಾನ್ರೇ," ಎನ್ನುತ್ತಾಳೆ ಗಂಟಕ್ಕ. "ಬೆಣೆ ಕೆಟ್ಟಿರಬಹುದಲ್ಲ?"

"ಬೆಣೆಗೇನಾಗಿದೆ? ಅದನ್ನ ನಿನ್ನ ಮೈದುನ ನೋಡ್ಕೊಂಡಿರ್ತಾನೆ."

ಮೈದುನ ಮೊಬೈಲು ನೋಡುತ್ತಿದ್ದಾನೆ. ಅವನು ಈ ಸಾಲಿನೊಳಗೆ ಕಾಲಿಟ್ಟದ್ದು ಇವತ್ತೇ ಮೊದಲು. ಅದನ್ನು ಹೇಳಲು ಒಂದು ಮಾತು ಸಾಕಿತ್ತು. ಅವನು ಮೊಬೈಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಳ್ಳುತ್ತಾನೆ, ಅಷ್ಟೇ.

"ನಾಳೆಯಿಂದ ಕೆಳಗಿನ ಪ್ಲಾಟು," ಎಂದು ಯಜಮಾನರು ಹೊರಡುತ್ತಾರೆ. "ಇವನು ಕತ್ತರಿಸ್ಲಿ, ನೀನು ಕಟ್ಟು."

"ಕಟ್ಟೋಕೆ ನಾನ್ ಬರಲ್ಲ."

"ಯಾಕೆ, ಮೈಗೆ ಹುಷಾರಿಲ್ವಾ?"

"ಮೈ ಗಟ್ಟಿಯಾಗಿದೆ. ಚಾಕು ಕೊಡೋ ದಿನ ಕರೀರಿ, ಬರ್ತೀನಿ."

ಯಜಮಾನರು ಮತ್ತೊಮ್ಮೆ ಕರೆಯಲಿಲ್ಲ. ಮರುದಿನ ಕೆಳಗಿನ ಪ್ಲಾಟಿನಲ್ಲಿ ಮೈದುನನ ಹಿಂದೆ ಪಟ್ಟಿ ಹಿಡಿದು ಕೂತವಳು ಪಕ್ಕದ ಸಾಲಿಗೆ ನೀರು ಬಿಡುತ್ತಿದ್ದಾಕೆ. ಗಂಟಕ್ಕ ಈಗ ರಸ್ತೆಯಾಚೆಯ ತೋಟದಲ್ಲಿ ಕಳೆ ಕೀಳುತ್ತಾಳೆ. ಕೂಲಿ ಕಡಿಮೆ, ಬೆನ್ನುನೋವು ಜಾಸ್ತಿ. ಮನೆಯಲ್ಲಿ ಗಂಡ ಮಾತು ಬಿಟ್ಟಿದ್ದಾನೆ. ನೀರು ಬೇಕೆಂದರೆ ಲೋಟವನ್ನು ನೆಲಕ್ಕೆ ಕುಕ್ಕುತ್ತಾನೆ, ಅವಳು ತಂದಿಡುತ್ತಾಳೆ.

ಚಾಕು ಸಿಗುವ ಆಸೆ ಇದೆಯೇ ಎಂದರೆ ಅವಳು ಕಳೆಯ ಬೇರಿನ ಮಣ್ಣು ಕೊಡವಿ ಬದುವಿಗೆ ಎಸೆಯುತ್ತಾಳೆ.

"ಸಿಗಲ್ಲ ಬಿಡಿ. ಆ ಸಾಲು ಹಣ್ಣು ಬಿಟ್ಟಾಗ ಯಾರು ಮಾಡಿದ್ದು ಅಂತಾನೂ ಯಾರೂ ಕೇಳಲ್ಲ. ಆದ್ರೆ ನಮ್ಮ ಮೈದುನ ದಿನಾ ಬೈಕಲ್ಲಿ ಈ ರಸ್ತೇಲೇ ಹೋಗ್ತಾನೆ. ಆ ಸಾಲು ಬಂದಾಗ ಅದನ್ನ ನೋಡದ ಹಾಗೆ ಮುಖ ತಿರುಗಿಸ್ಕೊಳ್ತಾನೆ. ನಾನಿಲ್ಲಿಂದ ನೋಡ್ತಾ ಇರ್ತೀನಿ. ಅವನಿಗೆ ಗೊತ್ತು. ಗೊತ್ತಿರೋನು ಒಬ್ಬ ಇದ್ದಾನಲ್ಲ, ಸಾಕು."